ತಾಯಿಯದೊಂದು, ತಂದೆಯದೊಂದು

ಪಿರಿಯಾಪಟ್ಟಣ
೧೨ ಫೆಬ್ರವರಿ ೨೦೦೨

ಪ್ರಿಯ ಅನು,

ನೀನು ಬೆಟ್ಟ ತಲುಪಿದ್ದೀಯ ಅಂತ ನಿಮ್ಮ ಪ್ರಯೋಗಾಲಯದ ಆಫೀಸಿನವರು ಫೋನಿನಲ್ಲಿ ಹೇಳಿದರು. ಹಿಂದಿಯಲ್ಲಿ ಹೇಳಿದ್ದರಿಂದ ಅಷ್ಟು ಮಾತ್ರ ಅರ್ಥವಾಯಿತು. ಅತ್ತೆಗೆ ಹೇಳಿದೆ. "ಸ್ವೆಟರ್ ಹಾಕ್ಕೊಂಡಿದಾಳಂತಾ?" ಅಂದರು. ಹಾಕಿಕೊಂಡಿದ್ದಾಳಂತೆ ಅಂದೆ.

ಅತ್ತೆ ತಮ್ಮೂರು ಸಾಲಿಗ್ರಾಮಕ್ಕೆ ಹೊರಡುವ ಮಾತು ಎತ್ತಿಲ್ಲ. ಮಗಳು ಊರಲ್ಲಿಲ್ಲದ ಮನೆಯಲ್ಲಿ ಅಳಿಯನಿಗೆ ಅಡಿಗೆ ಮಾಡಿಕೊಂಡಿದ್ದಾರೆ ಅಂತ ಪಕ್ಕದ ಮನೆಯವರು ಏನೋ ಅಂದರಂತೆ. "ಅಳಿಯ ಆಗೋಕ್ ಮುಂಚೆ ಅವನು ನಮ್ಮಣ್ಣನ ಮಗ ಕಣ್ರೀ" ಅಂದು ಬಂದರಂತೆ. ನಾನೂ ಅತ್ತೆಯೂ ಹೆಚ್ಚು ಮಾತಾಡುವುದಿಲ್ಲ. ನಮ್ಮ ಮಗು ಸಿಂಚನ ತೀರಿಹೋಗಿ ವರ್ಷ ತುಂಬಿದ ದಿನ ನಾನು ಡ್ಯೂಟಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅತ್ತೆ ಮಲಗಿದ್ದರು.

ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ನಾನಿರುವ ಹಾರನಹಳ್ಳಿ ಪಶು ಆಸ್ಪತ್ರೆಗೆ ಚಿಕ್ಕಬಸಪ್ಪ ಅಂತ ಒಬ್ಬ ಕುರಿಯವನು ಬರುತ್ತಾನೆ. ಅರವತ್ತು ದಾಟಿದೆ. ಎಪ್ಪತ್ತರ ಹತ್ತಿರ ಕುರಿಗಳಿವೆ. ಹೊಗೆಸೊಪ್ಪು ಬಿಡಿಸಿದ ಹೊಲಗಳಲ್ಲಿ ಗೊಬ್ಬರಕ್ಕೆ ಮಂದೆ ತಂಗಿಸುವುದು, ಉಣ್ಣೆ ಕತ್ತರಿಸುವುದು, ಮರಿ ಮಾರುವುದು, ಇಷ್ಟೇ ಅವನಿಗೂ ಅವನ ಹೆಂಡತಿ ನಿಂಗಾಜಮ್ಮನಿಗೂ ಬದುಕು. ಈಗ ಅವನ ಕುರಿಗಳಲ್ಲಿ ಕೆಲವು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಗೋಡೆಗೆ ಮೈ ಉಜ್ಜಿ ಉಜ್ಜಿ ಉಣ್ಣೆಯೆಲ್ಲ ಕಿತ್ತು, ಚರ್ಮ ಕೆಂಪಾಗಿದೆ. ಕಜ್ಜಿ ಅಂದುಕೊಂಡು ಇಂಜೆಕ್ಷನ್ ಕೊಟ್ಟೆ, ಔಷಧಿ ನೀರಿನಲ್ಲಿ ಮುಳುಗಿಸಿದೆವು. ಚರ್ಮ ಕೆರೆದು ನೋಡಿದರೆ ಹುಳ ಇಲ್ಲ. ಬಾಲದ ಬುಡದಲ್ಲಿ ಬೆರಳಿನಿಂದ ಕೆರೆದರೆ ಕುರಿ ತಲೆಯೆತ್ತಿ ಸುಮ್ಮನೆ ತುಟಿ ಆಡಿಸುತ್ತದೆ. ಮುಂಗಾಲು ಎತ್ತೆತ್ತಿ ಇಡುತ್ತದೆ. ಮೇಯುತ್ತದೆ, ಆದರೂ ಸೊರಗುತ್ತದೆ.

"ಕರುದ್ರೆ ಓಡ್ ಬತ್ತಿತ್ತು ಡಾಕ್ಟ್ರೇ, ಈಗ ನನ್ ಗುರ್ತೇ ಇಲ್ಲ ಅದ್ಕೆ" ಅಂದ ಚಿಕ್ಕಬಸಪ್ಪ.

ಉಣ್ಣೆ ಹೆಚ್ಚು ಬರುತ್ತದೆ ಅಂತ ನಾಲ್ಕೈದು ವರ್ಷದ ಹಿಂದೆ ಉತ್ತರದ ಕಡೆಯ ಯಾರೋ ವ್ಯಾಪಾರಿಯಿಂದ ಒಂದು ಅಡ್ಡತಳಿ ಟಗರು ತಗೊಂಡಿದ್ದನಂತೆ. ಅದೂ ಹೀಗೇ ಉಜ್ಜಿಕೊಂಡು ಸತ್ತಿತಂತೆ. ಕಾಲೇಜಿನಲ್ಲಿ ಓದಿದ ಒಂದು ಹೆಸರು ತಲೆಯಲ್ಲಿ ಓಡುತ್ತಿದೆ. ನೀನು ಅಲ್ಲಿ ಮಾಡುತ್ತಿರುವುದೂ ಅದೇ ಕೆಲಸ ಅಲ್ಲವಾ? ಮುಂದೇನು ಮಾಡಲಿ ಅಂತ ಬರೆ.

ಶಶಿ


ಕುಮಾವೂನ್ ಬೆಟ್ಟ
೨೪ ಫೆಬ್ರವರಿ ೨೦೦೨

ಶಶಿ ಬಾವನಿಗೆ,

ನಿಮ್ಮ ಕಾಗದ ಸಿಕ್ಕಿತು. ನಿಮ್ಮ ತಲೆಯಲ್ಲಿ ಓಡುತ್ತಿರುವ ಹೆಸರು ಸ್ಕ್ರೇಪಿ. ನೀವು ಬರೆದ ಲಕ್ಷಣಗಳೆಲ್ಲ ಅದರವೇ. ಆದರೆ ಮಿದುಳು ನೋಡದೆ ಯಾರೂ ಖಚಿತವಾಗಿ ಹೇಳಲಾರರು.

ಇದು ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಮಿದುಳಿನಲ್ಲಿ ಇರಬೇಕಾದ ಒಂದು ಪ್ರೋಟೀನೇ ತಪ್ಪಾಗಿ ಮಡಚಿಕೊಳ್ಳುತ್ತದೆ. ಹಾಗೆ ಮಡಚಿಕೊಂಡದ್ದನ್ನು ಪ್ರಿಯಾನ್ ಅನ್ನುತ್ತಾರೆ. ಅದು ಪಕ್ಕದ ಪ್ರೋಟೀನನ್ನೂ ತನ್ನ ಹಾಗೇ ಮಡಚುತ್ತದೆ. ವರ್ಷಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಔಷಧಿ ಇಲ್ಲ, ಲಸಿಕೆ ಇಲ್ಲ. ಚಿಕ್ಕಬಸಪ್ಪನಿಗೆ ಆಸೆ ಕೊಡಬೇಡಿ.

ಕುರಿ ಈದಾಗ ಬೀಳುವ ಮಾಸಿನಿಂದ ಮಂದೆಗೆ ಹರಡುತ್ತದೆ. ಮಣ್ಣಿನಲ್ಲಿ ವರ್ಷಾನುಗಟ್ಟಲೆ ಇರುತ್ತದೆ, ಕುದಿಸಿದರೂ ಹೋಗುವುದಿಲ್ಲ. ಮನುಷ್ಯರಿಗೆ ಕುರಿಯಿಂದ ಇದು ಬಂದದ್ದನ್ನು ಯಾರೂ ಕಂಡಿಲ್ಲ. ಆದರೂ ಆ ಮಂದೆಯಿಂದ ಮಾಂಸಕ್ಕೆ ಮಾರುವುದು ಬೇಡ.

ತೀರಾ ಸೊರಗಿರುವ ಒಂದು ಕುರಿಗೆ ನೋವಾಗದ ಹಾಗೆ ಪ್ರಾಣ ಬಿಡಿಸಿ, ಮಿದುಳಿನ ಬುಡದ ಭಾಗವನ್ನು ಫಾರ್ಮಲಿನ್‌ನಲ್ಲಿಟ್ಟು ಕಳಿಸಿ. ಕೈಗವಸು ಮರೆಯಬೇಡಿ. ಎಲ್ಲ ಕುರಿಗಳ ಕಿವಿಗೆ ನಂಬರ್ ಹಾಕಿ ಒಂದೊಂದರ ರಕ್ತವನ್ನೂ ಕಳಿಸಿ. ಎಲ್ಲ ಕುರಿಗೂ ಈ ರೋಗ ಹಿಡಿಯುವುದಿಲ್ಲ. ಹುಟ್ಟುವಾಗಲೇ ತಡೆ ಇರುವ ಕುರಿಗಳಿರುತ್ತವೆ. ಯಾವುವು ಅಂತ ರಕ್ತದಿಂದ ಓದಬಹುದು. ನನ್ನ ಕೆಲಸ ಅದೇ. ಮೇಲಿನವರನ್ನು ಕೇಳಿದೆ, ನಮ್ಮ ಅಧ್ಯಯನಕ್ಕೇ ಸೇರಿಸಿಕೊಳ್ಳೋಣ ಅಂದರು.

ಇಲ್ಲಿ ಬೆಳಿಗ್ಗೆ ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿರುತ್ತದೆ. ಕೋಣೆಯಿಂದ ಲ್ಯಾಬಿಗೆ, ಲ್ಯಾಬಿನಿಂದ ಕೋಣೆಗೆ. ಊಟ ಅವರೇ ಕೊಡುತ್ತಾರೆ. ಸಿಂಚನಳ ವರ್ಷದ ದಿನ ನಾನೂ ಕೆಲಸದಲ್ಲಿದ್ದೆ.

ಅಮ್ಮನಿಗೆ ಸ್ವೆಟರ್ ಬೆಚ್ಚಗಿದೆ ಅಂತ ಹೇಳಿ.

ಅನು


ಪಿರಿಯಾಪಟ್ಟಣ
೧೬ ಮಾರ್ಚ್ ೨೦೦೨

ಪ್ರಿಯ ಅನು,

ದೆಹಲಿಗೆ ತರಬೇತಿಗೆ ಹೊರಟ ನಮ್ಮ ಇಲಾಖೆಯ ಗೆಳೆಯ ಮಹದೇವಯ್ಯನ ಕೈಯಲ್ಲಿ ಐಸಿನ ಪೆಟ್ಟಿಗೆ ಕಳಿಸಿದ್ದೇನೆ. ಅಲ್ಲಿಂದ ನಿಮ್ಮ ಲ್ಯಾಬಿನ ಜೀಪಿನವರು ತಗೊಳ್ಳುತ್ತಾರಂತೆ. ಎಲ್ಲ ಕುರಿಗಳ ರಕ್ತವೂ ಇದೆ. ಮಿದುಳಿನ ಸೀಸೆ ಬೇರೆ ಇದೆ.

ಆ ಕುರಿಯನ್ನು ಹಿಡಿದುಕೊಳ್ಳಲು ನಿಂಗಾಜಮ್ಮ ಬಂದಳು. "ಇದೊಂದ್ ಸತ್ರೆ ಮಿಕ್ಕವ್ಕೆ ಔಸ್ದಿ ಸಿಗ್ತದಾ?" ಅಂತ ಕೇಳಿದಳು. ಔಷಧಿ ಇಲ್ಲ, ಯಾವುದಕ್ಕೆ ಬರುತ್ತೆ ಯಾವುದಕ್ಕೆ ಬರಲ್ಲ ಅಂತ ಮಾತ್ರ ಗೊತ್ತಾಗುತ್ತೆ ಅಂದೆ. ಅವಳಿಗೆ ಅದು ಉತ್ತರ ಅನಿಸಲಿಲ್ಲ. ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

ಮಾರನೆಯ ದಿನ ಗಯಾಸುದ್ದೀನ್ ಸಾಹೇಬರು ಆಸ್ಪತ್ರೆಗೇ ಬಂದರು. ಇಲ್ಲಿ ಕುರಿ, ಉಣ್ಣೆ ವ್ಯಾಪಾರ ಅವರದೇ. ಚಿಕ್ಕಬಸಪ್ಪನ ಹತ್ತಿರ ತಗೊಳ್ಳೋದು ಅವರ ತಂದೆಯ ಕಾಲದಿಂದ ನಡೆದು ಬಂದದ್ದಂತೆ.

"ಡಾಕ್ಟರ್ ಸಾಬ್, ಸುತ್ತಿ ಬಳಸಿ ಹೇಳ್ಬೇಡಿ. ತಗೊಳ್ಳೋದಾ, ಬೇಡ್ವಾ?"

"ಬೇಡ."

"ಆಯ್ತು. ಸಂತೇಲೂ ಹೇಳ್ತೀನಿ. ಇಲ್ದಿದ್ರೆ ಗೊತ್ತಿಲ್ದೋರು ಯಾರಾದ್ರೂ ಹೊಡ್ಕೊಂಡ್ ಹೋಗ್ತಾರೆ." ಬಾಗಿಲವರೆಗೆ ಹೋಗಿ ನಿಂತರು. "ಆ ಮನುಷ್ಯ ಏನ್ ಮಾಡ್ತಾನೆ ಇನ್ಮೇಲೆ?" ಅಂದರು.

ಈಗ ಯಾವ ಹೊಲದವರೂ ಅವನ ಮಂದೆಯನ್ನು ತಂಗಿಸಿಕೊಳ್ಳುತ್ತಿಲ್ಲ. ಮಣ್ಣಿನ ವಿಷಯ ನಾನೇ ಹೇಳಿದ್ದು. ಹೇಳಲೇಬೇಕಿತ್ತು.

ಇನ್ನೊಂದು ಮಾತು. ಬರೆಯಬಾರದು ಅಂದುಕೊಂಡಿದ್ದೆ. ಮೊನ್ನೆ ಅತ್ತೆ ಊಟ ಬಡಿಸುತ್ತಾ, "ಅಣ್ಣನ ಮನೆ ಬಳಕೆ ತಪ್ಪದಿರ್ಲಿ ಅಂತ ನಾನೇ ಅಲ್ವೇನೋ ಹಟ ಮಾಡಿ ಅವಳನ್ನ ನಿಂಗೆ ಕೊಟ್ಟಿದ್ದು" ಅಂದರು. ನಾನು ಊಟ ಮುಂದುವರಿಸಿದೆ. "ಅವಳು ಅಲ್ಲೇ ಓದ್ಕೊಂಡು ಕೆಲ್ಸ ಮಾಡ್ಕೊಂಡಿರ್ಲಿ. ನೀನು ಹೊರಗಿಂದ ಒಂದು ಹೆಣ್ಣು ತಗೋ ಮಗ. ನಾನೇ ನಿಂತು ಮಾಡುಸ್ತೀನಿ" ಅಂದರು. ಎದ್ದು ಕೈ ತೊಳೆದೆ. ಅವರೂ ಎದ್ದು ಪಾತ್ರೆ ತೊಳೆದರು. ನಿನಗೆ ಬೇರೆಯವರಿಂದ ತಿಳಿಯಬಾರದು ಅಂತ ಬರೆದೆ.

ಶಶಿ


ಕುಮಾವೂನ್ ಬೆಟ್ಟ
೨ ಏಪ್ರಿಲ್ ೨೦೦೨

ಶಶಿ ಬಾವನಿಗೆ,

ಪೆಟ್ಟಿಗೆ ತಲುಪಿತು, ಐಸು ಪೂರ್ತಿ ಕರಗಿರಲಿಲ್ಲ.

ಮಿದುಳಿನ ಚೂರನ್ನು ತೆಳ್ಳಗೆ ಕೊಯ್ದು ನೋಡಿದೆವು. ತುಂಬಾ ತೂತುಗಳಿವೆ. ಮೇಲಿನವರೂ ನೋಡಿ ಹೌದು ಅಂದರು. ವರದಿಯನ್ನು ನಿಮ್ಮ ಇಲಾಖೆಗೆ ಅವರೇ ಕಳಿಸುತ್ತಾರೆ. ರಕ್ತಗಳನ್ನು ಓದಲು ಇನ್ನು ಕೆಲವು ವಾರ ಬೇಕು.

ಯಾವುದು ಉಳಿಯುತ್ತದೆ ಅಂತ ಹೇಗೆ ಗೊತ್ತಾಗುತ್ತದೆ ಎಂದು ನಿಂಗಾಜಮ್ಮ ಕೇಳಿದರೆ ಹೀಗೆ ಹೇಳಿ. ಆ ಪ್ರೋಟೀನನ್ನು ಹೇಗೆ ಮಾಡಬೇಕು ಅನ್ನುವ ಬರಹ ಎಲ್ಲ ಕುರಿಗಳ ಮೈಯಲ್ಲೂ ಎರಡೆರಡು ಪ್ರತಿ ಇರುತ್ತದೆ. ತಾಯಿಯದೊಂದು, ತಂದೆಯದೊಂದು. ಅದರಲ್ಲಿ ಒಂದು ಜಾಗವಿದೆ. ಅಲ್ಲಿ ಕೆಲವಕ್ಕೆ ಕ್ಯೂ ಅನ್ನುವ ಅಕ್ಷರ ಇರುತ್ತದೆ, ಕೆಲವಕ್ಕೆ ಆರ್. ಎರಡೂ ಆರ್ ಆಗಿದ್ದರೆ ಈ ರೋಗ ಬಹುಮಟ್ಟಿಗೆ ಹತ್ತಿರ ಬರುವುದಿಲ್ಲ. ಒಂದು ಆರ್ ಇದ್ದರೂ ಹೆದರಿಕೆ ತುಂಬಾ ಕಡಿಮೆ. ಎರಡೂ ಕ್ಯೂ ಆದರೆ ಸುಲಭವಾಗಿ ಹಿಡಿಯುತ್ತದೆ. ನಮ್ಮ ಕಡೆಯ ಕುರಿಗಳಲ್ಲಿ ಹೆಚ್ಚಿನವು ಎರಡೂ ಕ್ಯೂ.

ನನಗೂ ಬರೆಯಬೇಕಾದ ಒಂದು ವಿಷಯವಿದೆ. ನಾನು ಹೊರಡುವಾಗಲೇ ಬಸುರಿಯಾಗಿದ್ದೆ. ನನಗೆ ಗೊತ್ತಿರಲಿಲ್ಲ. ಚಳಿಗೆ, ಪ್ರಯಾಣಕ್ಕೆ ಮುಟ್ಟು ತಪ್ಪಿದೆ ಅಂದುಕೊಂಡಿದ್ದೆ. ಹೋದ ತಿಂಗಳ ಕೊನೆಯಲ್ಲಿ ಪರೀಕ್ಷೆ ಮಾಡಿಸಿದೆ.

ಸಿಂಚನಳಿಗೆ ಬಂದ ಕಾಯಿಲೆ ಬೇರೆ, ಆದರೆ ಅದೂ ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಬರುವಂಥದ್ದು. ನಿಮ್ಮಲ್ಲಿ ಕೆಟ್ಟದ್ದೊಂದು, ನನ್ನಲ್ಲೊಂದು. ಒಂದೊಂದೇ ಇರುವುದರಿಂದ ನಮಗೆ ಏನೂ ಆಗಿಲ್ಲ. ಪ್ರತಿ ಸಲವೂ ನಾಲ್ಕರಲ್ಲಿ ಒಂದು ಪಾಲು ಅಂತ ಬೆಂಗಳೂರಿನ ಡಾಕ್ಟರು ಹೇಳಿದ್ದು ನೆನಪಿರಬಹುದು. ನೀವು ಆಗ ಕಿಟಕಿಯ ಕಡೆ ನೋಡುತ್ತಿದ್ದಿರಿ. ದೆಹಲಿಯಲ್ಲಿ ಮಗು ಹೊಟ್ಟೆಯಲ್ಲಿರುವಾಗಲೇ ಸೂಜಿ ಹಾಕಿ ಪರೀಕ್ಷೆ ಮಾಡುತ್ತಾರೆ. ಎಂಟನೇ ತಾರೀಖು ಹೋಗುತ್ತಿದ್ದೇನೆ. ಫಲಿತಾಂಶಕ್ಕೆ ತಿಂಗಳಾಗಬಹುದು.

ಅಮ್ಮನಿಗೆ ಹೇಳಬೇಡಿ. ನೀವು ಬರುವುದೂ ಬೇಡ. ಜೊತೆಗೆ ಲ್ಯಾಬಿನ ಒಬ್ಬಾಕೆ ಬರುತ್ತಾಳೆ.

ಅನು


ಪಿರಿಯಾಪಟ್ಟಣ
೧೪ ಏಪ್ರಿಲ್ ೨೦೦೨

ಪ್ರಿಯ ಅನು,

ನಿನ್ನ ಕಾಗದ ಬಂದದ್ದು ಹನ್ನೆರಡಕ್ಕೆ. ಅಷ್ಟರಲ್ಲಿ ನೀನು ದೆಹಲಿಗೆ ಹೋಗಿ ಬಂದೂ ಆಗಿತ್ತು.

ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗ ನೀನು ಸಿಕ್ಕೆ. "ನೋವಿದೆಯಾ?" ಅಂತ ಕೇಳಬೇಕು ಅಂತಲೇ ಹೋಗಿದ್ದೆ. ರಕ್ತದ ಸೀಸೆಗಳು ಕೆಟ್ಟಿಲ್ಲ ತಾನೇ ಅಂತ ಕೇಳಿದೆ. ನೀನು ಇಲ್ಲ ಅಂದೆ. ಹಿಂದೆ ಜನ ಕಾಯುತ್ತಿದ್ದರು. ಇಟ್ಟುಬಿಟ್ಟೆ.

ನೋವಿದೆಯಾ?

ನೀನು ಬರಬೇಡ ಅಂದಿದ್ದಕ್ಕೆ ಬರುತ್ತಿಲ್ಲ. ಫಲಿತಾಂಶ ಬಂದ ಮೇಲೆ ಬರುತ್ತೇನೆ, ಅದಕ್ಕೆ ನೀನು ಬೇಡ ಅನ್ನಬಾರದು. ಅತ್ತೆಗೆ ಹೇಳಿಲ್ಲ. ಸುಳ್ಳು ಹೇಳುವುದು ಕಷ್ಟವಾಗುತ್ತಿಲ್ಲ, ಯಾಕೆಂದರೆ ಅವರು ಏನನ್ನೂ ಕೇಳುವುದಿಲ್ಲ.

ವರದಿ ಇಲಾಖೆಗೆ ಬಂದಿದೆ. ರಕ್ತದ ಫಲಿತಾಂಶ ನೋಡಿ, ತಡೆಯಿಲ್ಲದ ಕುರಿಗಳನ್ನೆಲ್ಲ ಮುಗಿಸಿ ಸುಟ್ಟು ಹೂಳಬೇಕು ಅಂತ ತೀರ್ಮಾನವಾಗಿದೆ. ಅದನ್ನು ಮಾಡಬೇಕಾದವನು ನಾನು. ಚಿಕ್ಕಬಸಪ್ಪನಿಗೆ ಹೇಳಲು ಹೋದೆ. ಕುರಿಹಟ್ಟಿಯ ಮುಂದೆ ಕೂತು ಕೇಳಿದ. "ಯಾವ್ಯಾವ್ದು ಅಂತ ಯಾವತ್ ಗೊತ್ತಾಯ್ತದೆ?" ಅಂದ. ತಿಂಗಳೊಳಗೆ ಅಂದೆ.

"ಅಲ್ಲೀಗಂಟ ಎಲ್ಲವ್ಕೂ ಒಂದೇ ತರ ಮೇವಾಕ್ಬೇಕಲ್ಲ" ಅಂದ.

ಅದಕ್ಕೆ ನಾನು ಹೂಂ ಅಂದೆ. ಬೈಕು ಹತ್ತಿ ಬಂದೆ. ದಾರಿಯಲ್ಲಿ ಇಬ್ಬರ ಹಸುಗಳಿಗೆ ಕಾಲುಬಾಯಿ ಲಸಿಕೆ ಹಾಕಿದೆ.

ಶಶಿ


ಕುಮಾವೂನ್ ಬೆಟ್ಟ
೩೦ ಏಪ್ರಿಲ್ ೨೦೦೨

ಶಶಿ ಬಾವನಿಗೆ,

ನೋವು ಎರಡು ದಿನ ಇತ್ತು. ಈಗಿಲ್ಲ.

ಚಿಕ್ಕಬಸಪ್ಪನ ಎಲ್ಲ ಕುರಿಗಳನ್ನೂ ಓದಿ ಮುಗಿಸಿದೆ. ಎರಡೂ ಆರ್ ಇರುವುದು ಎರಡೇ. ಒಂದು ಹೆಣ್ಣು, ಇನ್ನೊಂದು ವಯಸ್ಸಿಗೆ ಬರುತ್ತಿರುವ ಟಗರು. ಆ ಟಗರಿನಿಂದ ಹುಟ್ಟುವ ಪ್ರತಿ ಮರಿಗೂ ಒಂದು ಆರ್ ಇದ್ದೇ ಇರುತ್ತದೆ, ಹಾಗಾಗಿ ಅದನ್ನು ಜೋಪಾನ ಮಾಡಲು ಹೇಳಿ. ಒಂದು ಆರ್ ಇರುವವು ಹನ್ನೆರಡು. ಉಳಿದವೆಲ್ಲ ಎರಡೂ ಕ್ಯೂ. ಈಗ ಚೆನ್ನಾಗಿ ಓಡಾಡಿಕೊಂಡಿರುವವೂ ಅದರಲ್ಲಿವೆ ಅಂತ ಗೊತ್ತು. ಆದರೂ ಬಿಡುವ ಹಾಗಿಲ್ಲ. ಕಿವಿಯ ನಂಬರುಗಳನ್ನು ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ. ಉಳಿದವನ್ನು ಆ ಮಣ್ಣಿನಲ್ಲಿ ಮೇಯಿಸಬಾರದು. ದೂರ ಎಲ್ಲಾದರೂ ಜಾಗ ನೋಡಬೇಕು.

ನನ್ನ ಫಲಿತಾಂಶ ಬಂದಿಲ್ಲ. ಇಲ್ಲಿ ಯಾರೂ ಕೇಳುವುದಿಲ್ಲ. ನನ್ನ ಜೊತೆ ಬಂದಿದ್ದಾಕೆಗೆ ಮಾತ್ರ ಗೊತ್ತು. ಅವಳು ದಿನಾ ಒಂದು ಸೇಬು ತಂದು ಮೇಜಿನ ಮೇಲಿಟ್ಟು ಹೋಗುತ್ತಾಳೆ. ತಿನ್ನುತ್ತೇನೆ.

ಅಮ್ಮ ಹೇಳಿದ್ದರ ಬಗ್ಗೆ ಯೋಚಿಸಿದೆ. ತಳಿ ಸುಧಾರಿಸುವವರು ಸಾಮಾನ್ಯವಾಗಿ ಮಂದೆಯಲ್ಲೇ ಹುಟ್ಟಿದ ಟಗರನ್ನು ಅದೇ ಮಂದೆಗೆ ಬಿಡುವುದಿಲ್ಲ. ಹೊರಗಿನಿಂದ ತರುತ್ತಾರೆ. ನಿಮ್ಮ ಅಪ್ಪ, ನಮ್ಮಮ್ಮ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ನಮ್ಮಿಬ್ಬರಲ್ಲಿರುವುದು ಒಂದೇ ಕಡೆಯಿಂದ ಬಂದ ಪ್ರತಿ. ಹೊರಗಿನ ಹುಡುಗಿಯನ್ನು ಮದುವೆಯಾದರೆ ನಿಮ್ಮ ಮಕ್ಕಳಿಗೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಹಾಗಾಗಿ ಅಮ್ಮ ಹೇಳಿದ್ದು ತಪ್ಪಲ್ಲ. ಫಲಿತಾಂಶ ಹೇಗೇ ಬರಲಿ, ನನ್ನ ಕಡೆಯಿಂದ ಅಡ್ಡಿ ಇಲ್ಲ. ಇದನ್ನು ಕೋಪದಿಂದ ಬರೆಯುತ್ತಿಲ್ಲ. ಬರೆಯುವಾಗ ಏನೂ ಅನಿಸುತ್ತಿಲ್ಲ. ಅದನ್ನೂ ನಿಮಗೆ ಹೇಳಬೇಕು ಅನಿಸಿತು.

ಅನು


ಪಿರಿಯಾಪಟ್ಟಣ
೧೨ ಮೇ ೨೦೦೨

ಪ್ರಿಯ ಅನು,

ನಿನ್ನೆ ಕೆಲಸ ಮುಗಿಯಿತು.

ಗೋಮಾಳದ ಮೂಲೆಯಲ್ಲಿ ಜೆಸಿಬಿಯಿಂದ ಆಳವಾಗಿ ಗುಂಡಿ ತೆಗೆಸಿದ್ದೆವು. ಬ್ಯಾರನ್‌ಗೆ ಅಂತ ತರಿಸಿಟ್ಟಿದ್ದ ಸೌದೆಯನ್ನು ಊರಿನವರೇ ತಂದು ಹಾಕಿದರು. ಗಯಾಸುದ್ದೀನ್ ಸಾಹೇಬರು ಒಂದು ಲಾರಿ ಸುಣ್ಣ ಕಳಿಸಿದರು. ಅವರು ಬರಲಿಲ್ಲ.

ಕುರಿ ಹಿಡಿಯಲು ನಮ್ಮ ಆಸ್ಪತ್ರೆಯ ಇಬ್ಬರು ಹಗ್ಗ ತಂದಿದ್ದರು. ಚಿಕ್ಕಬಸಪ್ಪ ಬೇಡ ಅಂದ. "ಅಟ್ಟಾಡುಸ್ಬೇಡಿ. ಎದ್ರುಕೊಳ್ತವೆ. ನಾನ್ ಕರೀತೀನಿ, ಬತ್ತವೆ" ಅಂದ. ಉಳಿಯಬೇಕಾದವನ್ನು ಮೊದಲೇ ಬೇರೆ ಕಟ್ಟಿದ್ದೆವು. ಉಳಿದವನ್ನು ಅವನು ಒಂದೊಂದಾಗಿ ಕರೆದ. ಬಾಯಲ್ಲಿ ಒಂದು ಸದ್ದು ಮಾಡುತ್ತಾನೆ, ನನಗೆ ಬರೆಯಲು ಬರುವುದಿಲ್ಲ. ಬಂದವು. ರೋಗ ಬಲಿತಿದ್ದವು ಮಾತ್ರ ಬರಲಿಲ್ಲ, ಅವನ್ನು ಎತ್ತಿಕೊಂಡು ಬಂದೆವು. ನಾನು ಇಂಜೆಕ್ಷನ್ ಕೊಡುತ್ತಾ ಹೋದೆ. ನಿಂಗಾಜಮ್ಮ ತಲೆ ಹಿಡಿದುಕೊಂಡಳು.

ಒಂದು ಕುರಿ ತುಂಬಿದ ಗಬ್ಬ. ಇವತ್ತೋ ನಾಳೆಯೋ ಈಯುವ ಹಾಗಿತ್ತು. ಅದರದು ಎರಡೂ ಕ್ಯೂ. ನಿಂಗಾಜಮ್ಮ ಅದರ ಹೊಟ್ಟೆ ಮೇಲೆ ಕೈಯಿಟ್ಟು ಕೇಳಿದಳು.

"ಒಟ್ಟೇಲಿರೋದು ಎಂತಾದ್ದು ಅಂತ ನೋಡಕ್ಕಾಗಲ್ವಾ ಡಾಕ್ಟ್ರೇ?"

ಸಿರಿಂಜು ಕೈಯಲ್ಲಿತ್ತು. ಕುರಿಗೆ ಯಾರೂ ನೋಡಲ್ಲ ಕಣಮ್ಮ ಅಂದೆ. ಮರಿಗೆ ತಡೆ ಇದ್ದರೂ ಈದಾಗ ಬೀಳುವ ಮಾಸಿನಿಂದ ಮಣ್ಣಿಗೆ ಇಳಿಯುತ್ತೆ ಅಂದೆ. ಅವಳು ಕೈ ತೆಗೆಯಲಿಲ್ಲ. ಚಿಕ್ಕಬಸಪ್ಪ ಬಂದು ಅವಳ ಕೈ ಎತ್ತಿ ಪಕ್ಕಕ್ಕೆ ಕೂರಿಸಿದ. "ಕೊಡಿ ಡಾಕ್ಟ್ರೇ" ಅಂದ. ಕೊಟ್ಟೆ.

ಬೆಂಕಿ ಸಂಜೆಯವರೆಗೂ ಉರಿಯಿತು. ಸಿಂಚನಳನ್ನು ಮಣ್ಣಿಗಿಟ್ಟ ದಿನ ನನಗೆ ಏನೂ ಆಗಿರಲಿಲ್ಲ, ನಿನಗೆ ಗೊತ್ತು. ಬಂದವರಿಗೆಲ್ಲ ಕುರ್ಚಿ ಹಾಕುತ್ತಿದ್ದೆ. ನಿನ್ನೆ ಏನಾದರೂ ಆಗುತ್ತದೆ ಅಂದುಕೊಂಡೆ. ಆಗಲಿಲ್ಲ. ಮನೆಗೆ ಬಂದು ಸ್ನಾನ ಮಾಡಿದೆ. ಅತ್ತೆ ಮುದ್ದೆ ಇಟ್ಟರು, ತಿಂದೆ.

ಆಮೇಲೆ ಅತ್ತೆಗೆ ಹೇಳಿಬಿಟ್ಟೆ. ನಿನ್ನ ಮಾತು ಮೀರಿದ್ದಕ್ಕೆ ಬೈಯಬೇಡ. ಅವರು ತಟ್ಟೆ ಹಿಡಿದುಕೊಂಡೇ ಕೂತುಬಿಟ್ಟರು. "ಎಷ್ಟ್ ತಿಂಗ್ಳು?" ಅಂದರು. ನಾಲ್ಕು ನಡೀತಿದೆ ಅಂದೆ. "ಒಬ್ಳೇನಾ ಅಲ್ಲಿ?" ಅಂದರು.

ಅವರು ಹೇಳಿದಾಗ ಉತ್ತರ ಕೊಟ್ಟಿರಲಿಲ್ಲ, ನಿನಗೆ ಕೊಡುತ್ತೇನೆ. ನಾನು ಬೇರೆ ಮದುವೆಯಾಗುವುದಿಲ್ಲ. ನಿನ್ನ ಲೆಕ್ಕ ಸರಿ ಇರಬಹುದು. ಅದು ಕುರಿಗೆ. ಇದನ್ನು ಇನ್ನೊಂದು ಸಲ ಬರೆಯಬೇಡ. ರಜಾ ಹಾಕಿದ್ದೇನೆ. ಫಲಿತಾಂಶ ಬಂದ ದಿನ ಫೋನ್ ಮಾಡಿಸು. ಅದು ಯಾವ ತರದ್ದೇ ಆಗಿರಲಿ, ಆಮೇಲೆ ಏನು ಮಾಡಬೇಕಾದರೂ ನೀನೊಬ್ಬಳೇ ಇರಬಾರದು.

ಉಳಿದ ಹದಿನಾಲ್ಕು ಕುರಿಗಳನ್ನು ಗಾವಡಗೆರೆಯ ಹತ್ತಿರ ನಿಂಗಾಜಮ್ಮನ ತಮ್ಮನ ಹೊಲಕ್ಕೆ ಹೊಡೆದುಕೊಂಡು ಹೋಗುತ್ತಾರಂತೆ. ಅಲ್ಲಿ ಇದುವರೆಗೆ ಯಾವ ಮಂದೆಯೂ ತಂಗಿಲ್ಲ. ನೀನು ಹೇಳಿದ ಟಗರನ್ನು ಚಿಕ್ಕಬಸಪ್ಪ ಹೆಗಲ ಮೇಲೆ ಹೊತ್ತುಕೊಂಡಿದ್ದ. ಅದಕ್ಕೆ ನಡೆಯಲು ಬರುತ್ತದೆ, ಆದರೂ ಹೊತ್ತುಕೊಂಡಿದ್ದ.

ಶಶಿ


ಕುಮಾವೂನ್ ಬೆಟ್ಟ
೧೫ ಮೇ ೨೦೦೨

ಶಶಿ ಬಾವನಿಗೆ,

ಫಲಿತಾಂಶ ಬಂತು. ಒಂದು ಪ್ರತಿ ಕೆಟ್ಟದ್ದು, ಒಂದು ಸರಿಯಾದದ್ದು. ನಮ್ಮಿಬ್ಬರ ಹಾಗೇ. ಸಿಂಚನಳಿಗೆ ಬಂದದ್ದು ಇದಕ್ಕೆ ಬರುವುದಿಲ್ಲ.

ಮೂರು ಸಲ ಓದಿದೆ. ಮಡಚಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಬೆಳಗಿನ ಕೆಲಸ ಮುಗಿಸಿದೆ. ಸಂತೋಷವಾಗುತ್ತದೆ ಅಂತ ಕಾದೆ. ಆಮೇಲೆ ಮೇಜಿನ ಮೇಲಿದ್ದ ಸೇಬು ತಿಂದೆ.

ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಈ ರಾಸಾಯನಿಕಗಳ ನಡುವೆ ಇರಬಾರದು ಅಂತ ಮೇಲಿನವರು ರಜೆ ಕೊಟ್ಟಿದ್ದಾರೆ. ಬೇಕಾದರೆ ಮುಂದಿನ ವರ್ಷ ಬಾ ಅಂದರು. ಇದು ತಲುಪುವ ಮೊದಲೇ ಫೋನ್ ಮಾಡಿಸುತ್ತೇನೆ. ಬನ್ನಿ. ಬಂದಾಗ ಸಂತೋಷನಾ ಅಂತ ಮಾತ್ರ ಕೇಳಬೇಡಿ.

ಅನು


ದೆಹಲಿ, ನಿಜಾಮುದ್ದೀನ್ ರೈಲು ನಿಲ್ದಾಣ
೨೮ ಮೇ ೨೦೦೨

ಅಮ್ಮನಿಗೆ,

ಈ ಕಾಗದ ನಿನ್ನ ಕೈಗೆ ಬರುವಾಗ ನಾನೇ ಮನೆಯಲ್ಲಿರುತ್ತೇನೆ. ಎದುರಿಗೆ ಹೇಳಲು ಆಗುವುದಿಲ್ಲ ಅಂತ ಬರೆಯುತ್ತಿದ್ದೇನೆ. ಪೋಸ್ಟ್‌ಮ್ಯಾನ್ ತಂದಾಗ ನೀನೊಬ್ಬಳೇ ಓದಿಕೋ. ಆಮೇಲೆ ನನ್ನ ಹತ್ತಿರ ಇದರ ಮಾತು ಎತ್ತಬೇಡ.

ಬಾವ ಬಂದು ನಾಲ್ಕು ದಿನವಾಯಿತು. ಬೆಟ್ಟದ ತಿರುವುಗಳನ್ನು ಹತ್ತಿ ಬಂದು, ಬಸ್ಸಿನಿಂದ ಇಳಿದಾಗ ಮುಖ ಬಿಳುಚಿಕೊಂಡಿತ್ತು. ನನ್ನನ್ನು ನೋಡಿ, "ಸಣ್ಣಗಾಗಿದ್ದೀಯ" ಅಂದರು. ನೀನು ಕಟ್ಟಿ ಕಳಿಸಿದ್ದ ಚಕ್ಕುಲಿ ಪುಡಿಯಾಗಿತ್ತು. ಇಬ್ಬರೂ ಪುಡಿಯನ್ನೇ ತಿಂದೆವು.

ನಿನ್ನೆ ಇಲ್ಲಿಯ ಡಾಕ್ಟರನ್ನು ಕಂಡೆವು. ಬಾವ ತಮಗೆ ಬರುವಷ್ಟು ಹಿಂದಿಯಲ್ಲಿ, "ಕೆಟ್ಟದ್ದು ಒಂದೇ ತಾನೇ? ಎರಡಲ್ಲ ತಾನೇ?" ಅಂತ ಮತ್ತೆ ಮತ್ತೆ ಕೇಳಿದರು. ಆ ಡಾಕ್ಟರಮ್ಮ ಪ್ರತಿ ಸಲವೂ ಒಂದೇ ಅಂದರು. ಕೊನೆಗೆ ನಾನು ಸಾಕು ಏಳಿ ಅಂದೆ.

ಅಮ್ಮ, ನಮ್ಮಿಬ್ಬರನ್ನು ಬೇರೆ ಮಾಡುವ ಮಾತು ಇನ್ನು ಆಡಬೇಡ. ನಾನೂ ಆಡಿದ್ದೆ, ಇನ್ನು ಆಡುವುದಿಲ್ಲ. ನೀನು ನನ್ನನ್ನು ಅಣ್ಣನ ಮನೆಗೆ ಕೊಟ್ಟೆ ಅಂತ ಕೊರಗುವುದೂ ಬೇಡ. ನಿನ್ನಲ್ಲಿರುವುದು ಅಜ್ಜಿಯದೋ ತಾತನದೋ, ಅವರಿಗೆ ಕೊಟ್ಟವರು ಮತ್ಯಾರೋ. ಯಾರಿಗೂ ಗೊತ್ತಿರಲಿಲ್ಲ. ಮೊದಲು ಗೊತ್ತಾದದ್ದು ನಮಗೆ, ಅದೂ ಸಿಂಚನಳಿಂದ.

ಬೆಟ್ಟ ಇಳಿದು ಬರುವಾಗ ರಸ್ತೆಗೆ ಕುರಿ ಅಡ್ಡ ಬಂದವು. ದೊಡ್ಡ ಮಂದೆ. ಬಸ್ಸು ನಿಂತಿತು. ಎಲ್ಲ ಹೋಗುವವರೆಗೆ ಕಾಯಬೇಕಾಯಿತು. ಕುರಿಯವನು ಮುಂದೆ ನಿಂತು ಏನೋ ಸದ್ದು ಮಾಡುತ್ತಿದ್ದ, ಅವು ಅವನ ಹಿಂದೆ ಹೋಗುತ್ತಿದ್ದವು. ಬಾವ ಕಿಟಕಿಯಿಂದ ನೋಡುತ್ತಾ ನೋಡುತ್ತಾ ಅಳಲು ಶುರು ಮಾಡಿದರು. ಸಣ್ಣಗೆ ಅಲ್ಲ ಅಮ್ಮ, ಜೋರಾಗಿ, ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ. "ಸಿಂಚು, ಸಿಂಚು" ಅಂತಿದ್ದರು. ಪಕ್ಕದಲ್ಲಿದ್ದ ಮುದುಕರೊಬ್ಬರು ನೀರಿನ ಬಾಟಲಿ ಕೊಟ್ಟರು. ನಾನು ಬಾವನ ಕೈ ಹಿಡಿದುಕೊಂಡು ಕೂತಿದ್ದೆ. ಕುರಿ ಎಲ್ಲ ದಾಟಿ ಹೋಗಿ, ಬಸ್ಸು ಹೊರಟು ಎಷ್ಟೋ ಹೊತ್ತಿನ ಮೇಲೂ ನಿಲ್ಲಲಿಲ್ಲ.

ನನಗೆ ಅಳು ಬರಲಿಲ್ಲ. ಬರುತ್ತದೆ ಅಂತ ಕಾಣುತ್ತದೆ. ನಿನ್ನ ಹತ್ತಿರ ಬಂದಾಗ ಬಂದರೆ ಹೆದರಬೇಡ.

ಇವರು ಈಗ ಬೆಂಚಿನ ಮೇಲೆ ಮಲಗಿದ್ದಾರೆ, ಬಾಯಿ ತೆರೆದುಕೊಂಡು. ಒಂದು ವರ್ಷದಿಂದ ಹೀಗೆ ನಿದ್ದೆ ಮಾಡಿದ್ದು ನಾನು ನೋಡಿರಲಿಲ್ಲ. ಚೀಲಗಳನ್ನೂ ಇವರನ್ನೂ ಕಾಯುತ್ತಾ ಕೂತಿದ್ದೇನೆ. ಮಗು ಇವತ್ತು ಮೊದಲ ಸಲ ಅಲುಗಾಡಿದ ಹಾಗಾಯಿತು, ಅಥವಾ ರೈಲಿನ ಅದುರಿಗೆ ಹಾಗನಿಸಿತೋ ಏನೋ. ಇನ್ನೂ ಇವರಿಗೆ ಹೇಳಿಲ್ಲ.

ನಮ್ಮ ಗಾಡಿ ಪ್ಲಾಟ್‌ಫಾರ್ಮಿಗೆ ಬಂತು ಅನ್ನುತ್ತಿದ್ದಾರೆ. ಎಬ್ಬಿಸಬೇಕು.

ನಿನ್ನ ಅನು